ಹಗ್ಗ ಹಿಡಿದವರ ಪಾಲು

ಬಿಣಗಾದ ಆ ಖಾನಾವಳಿಯ ಕಥೆಯನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಅದರಲ್ಲಿ ಕಣ್ಣಾರೆ ಕಂಡದ್ದು ಯಾವುದು, ಪಾಠಕ್ಕೆಂದು ಸೇರಿಸಿಕೊಂಡದ್ದು ಯಾವುದು ಎಂದು ಬಿಡಿಸಿ ಹೇಳುವುದು ಈಗ ನನಗೇ ಕಷ್ಟ. ತಗಡಿನ ಮಾಡು ಇತ್ತು, ಅದು ಖಚಿತ. ಮಳೆ ಬಿದ್ದರೆ ಒಳಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಗೋಡೆಯ ಬಣ್ಣ ಹಸಿರು ಎಂದು ನಾನು ಯಾವಾಗಲೂ ಹೇಳುತ್ತೇನೆ. ಆದರೆ ಕಣ್ಣು ಮುಚ್ಚಿಕೊಂಡರೆ ಒಮ್ಮೊಮ್ಮೆ ನೀಲಿಯಾಗಿ ಕಾಣುತ್ತದೆ.

ಎರಡು ಸಾವಿರದ ಮೂರನೆಯ ಇಸವಿ ಇರಬೇಕು, ನಾಲ್ಕೂ ಆಗಿರಬಹುದು. ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ಮುಗಿಸಿ ಅಂಕೋಲೆಯ ಮನೆಗೆ ಬಂದು ಕೂತಿದ್ದೆ. ಕಾಲೇಜಿನ ಕೆಲಸ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದು ಕಾದು ಕೊನೆಗೆ ಕಾರವಾರದ ಒಂದು ತರಬೇತಿ ಕೇಂದ್ರದಲ್ಲಿ ಗುತ್ತಿಗೆಯ ಮೇಲೆ ಸೇರಿಕೊಂಡೆ. ಕೆಲಸ, ಜನರಿಗೆ ಉದ್ಯಮಿಯಾಗುವುದನ್ನು ಕಲಿಸುವುದು. ನಾನು ಅಲ್ಲಿಯವರೆಗೆ ಒಂದು ಬೆಂಕಿಪೊಟ್ಟಣವನ್ನೂ ಯಾರಿಗೂ ಮಾರಿದವನಲ್ಲ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟ ಕುಟುಂಬಗಳವರು ನಮ್ಮ ಶಿಬಿರಾರ್ಥಿಗಳು. ಗದ್ದೆ ಇದ್ದವರಿಗೆ ಗದ್ದೆ ಹೋಗಿತ್ತು, ದಂಡೆ ಇದ್ದವರಿಗೆ ದಂಡೆ ಹೋಗಿತ್ತು. ಬದಲಿಗೆ ಮನೆ ಕಟ್ಟಿಕೊಳ್ಳಲು ನಿವೇಶನ ಬಂದಿತ್ತು, ಈಗ ಉದ್ಯಮ ಬರಬೇಕಾಗಿತ್ತು.

ಕೇಂದ್ರ ಇದ್ದದ್ದು ಒಂದು ಹಳೆಯ ಕಟ್ಟಡದ ಮಾಳಿಗೆಯಲ್ಲಿ. ಮುಖ್ಯಸ್ಥರು ಬಯಲುಸೀಮೆಯ ಕಡೆಯಿಂದ ಬಂದವರು, ಮೀನಿನ ವಾಸನೆಗೆ ಕರವಸ್ತ್ರ ಹಿಡಿಯುತ್ತಿದ್ದವರು, ಆದರೆ ಯಾರ ಮೇಲೂ ದನಿ ಎತ್ತದ ಒಳ್ಳೆಯ ಮನುಷ್ಯ. ಮೊದಲ ದಿನವೇ ನನ್ನನ್ನು ಕರೆದು, “ನೀವು ಎಂ.ಎ.ನಲ್ಲಿ ಓದಿದ್ದನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ. ಇವರಿಗೆ ಹುರುಪು ತುಂಬಬೇಕು. ಒಬ್ಬ ಉದ್ಯಮಿ ಹುಟ್ಟಿದರೆ ಹತ್ತು ಮನೆಯ ಒಲೆ ಹೊತ್ತುತ್ತೆ,” ಎಂದರು. ಆ ಮಾತನ್ನು ಬೋರ್ಡಿನ ಮೇಲೆ ಚಿತ್ರವಾಗಿ ಬರೆಯುವುದು ನನ್ನ ಪಾಲಿಗೆ ಬಂತು. ಒಂದು ದೊಡ್ಡ ಗೋಲ ಎಳೆಯುತ್ತಿದ್ದೆ. ಉದ್ಯಮದಿಂದ ಕೆಲಸ, ಕೆಲಸದಿಂದ ಸಂಬಳ, ಸಂಬಳದಿಂದ ಖರೀದಿ, ಖರೀದಿಯಿಂದ ಮತ್ತೊಂದು ಉದ್ಯಮ. ಬಾಣಗಳು ಸುತ್ತಿ ಮೊದಲಿನ ಜಾಗಕ್ಕೇ ಬರುತ್ತಿದ್ದವು. ಇದಕ್ಕೆ ಆರ್ಥಿಕ ಬೆಳವಣಿಗೆ ಎನ್ನುತ್ತಾರೆ ಎಂದು ಹೇಳುತ್ತಿದ್ದೆ. ಹೇಳುವಾಗಲೇ ಗೋಲದ ಹೊರಗೆ ಖಾಲಿ ಉಳಿದ ಬೋರ್ಡಿನ ಕಡೆ ನನ್ನ ಕಣ್ಣು ಹೋಗುತ್ತಿತ್ತು. ಅಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ತರಬೇತಿಯಲ್ಲಿ ಒಂದು ಆಟವಿತ್ತು. ಗೋಡೆಯ ಹತ್ತಿರ ಮರದ ಗೂಟ ನಿಲ್ಲಿಸಿ, ದೂರದಿಂದ ರಬ್ಬರಿನ ಬಳೆಯನ್ನು ಎಸೆದು ಅದಕ್ಕೆ ಸಿಕ್ಕಿಸಬೇಕು. ಎಷ್ಟು ದೂರ ನಿಲ್ಲಬೇಕೆನ್ನುವುದು ಆಡುವವರ ಇಷ್ಟ. ತೀರ ಹತ್ತಿರ ನಿಲ್ಲುವವನು ಅಂಜುಬುರುಕ, ತೀರ ದೂರ ನಿಲ್ಲುವವನು ಜೂಜುಕೋರ, ನಡುವೆ ಜಾಗ ನೋಡಿ ನಿಲ್ಲುವವನೇ ಉದ್ಯಮಿ ಎಂದು ನಮ್ಮ ಕೈಪಿಡಿ ಹೇಳುತ್ತಿತ್ತು. ಆ ತಂಡದಲ್ಲಿ ಅಮದಳ್ಳಿ ಕಡೆಯ ಕಡಲಂಚಿನ ಒಂದು ಕೇರಿಯಿಂದ ಬಂದ ಹೆಂಗಸರಿದ್ದರು. ಅವರಲ್ಲಿ ನಲವತ್ತರ ಹತ್ತಿರದ ಒಬ್ಬಾಕೆ ಎದ್ದು ಹೋಗಿ ಎಲ್ಲಕ್ಕಿಂತ ದೂರದ ಗೋಡೆಗೆ ಬೆನ್ನು ಹಚ್ಚಿ ನಿಂತಳು. ಅವಳ ಕೇರಿಯ ಇನ್ನೊಬ್ಬಳು ಯಾರೂ ಹೇಳದೆಯೇ ಗೂಟದ ಪಕ್ಕ ಹೋಗಿ ಕುಕ್ಕರುಗಾಲಿನಲ್ಲಿ ಕೂತಳು. ಈಕೆ ಎಸೆದಳು, ಆಕೆ ಗಾಳಿಯಲ್ಲೇ ಹಿಡಿದು ಬಳೆಯನ್ನು ಗೂಟಕ್ಕೆ ಇಳಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಹಾಗೆ ಹಿಡಿಯುವಂತಿಲ್ಲ ಅಕ್ಕಾ,” ಎಂದೆ.

“ಎಂತಕೆ? ಬಳೆ ಗೂಟಕ್ಕೆ ಬಿತ್ತೋ ಇಲ್ವೋ?”

“ಬಿತ್ತು. ಆದರೆ ಹಾಕಿದ್ದು ನೀವಲ್ಲವಲ್ಲ.”

“ಎಸ್ದದ್ದು ನಾನು, ಹಿಡ್ದದ್ದು ಅವ್ಳು. ಮತ್ತೆ ಹಾಕ್ದದ್ದು ಯಾರು ಮಾಸ್ತರೇ, ನಿಮ್ಮ ಮಾವನಾ?”

“ನನಗೆ ಮಾವ ಇಲ್ಲ, ಮದುವೆ ಆಗಿಲ್ಲ.”

“ಹಾಂಗಾರೆ ಮೊದ್ಲು ಅದೊಂದು ಉದ್ಯೋಗ ಮಾಡಿ,” ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ತರಗತಿ ಬಿದ್ದು ಬಿದ್ದು ನಕ್ಕಿತು. ಬಹುಮಾನಕ್ಕೆಂದು ಇಟ್ಟಿದ್ದ ಪೆಪ್ಪರ್‌ಮಿಂಟಿನ ಪೊಟ್ಟಣವನ್ನು ಎಸೆದವಳೇ ಬಿಚ್ಚಿ ಎಲ್ಲರಿಗೂ ಹಂಚಿದಳು, ಹಿಂದೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದವರ ಕೈಗೂ ಇಟ್ಟಳು.

ಮುಂದೆ ಖಾನಾವಳಿ ಹಾಕಿದ ಆಕೆಯೇ ಬಳೆ ಎಸೆದವಳು ಎಂದು ಮೊದಲಿನಿಂದ ಹೇಳುತ್ತ ಬಂದಿದ್ದೇನೆ. ಗೂಟದ ಬಳಿ ಕೂತವಳು ಆಕೆಯಾಗಿದ್ದರೂ ಆಗಿರಬಹುದು.

ಕೊನೆಯ ವಾರ ಪ್ರತಿಯೊಬ್ಬರೂ ತಾವು ಏನು ಆರಂಭಿಸುತ್ತೇವೆ, ತಮ್ಮ ಗುರಿ ಏನು ಎಂದು ಎದ್ದು ನಿಂತು ಹೇಳಬೇಕಿತ್ತು. ಕಿರಾಣಿ ಅಂಗಡಿ ಎಂದವರು ಬಹಳ, ರಿಕ್ಷಾ ಎಂದವರು ಕೆಲವರು. ಆಕೆ ಬಿಣಗಾದಲ್ಲಿ ಹೆದ್ದಾರಿಯ ಬದಿಗೆ, ಕಾರ್ಖಾನೆಯ ಕೆಲಸಗಾರರ ಮನೆಗಳ ಹತ್ತಿರ, ಮೀನೂಟದ ಖಾನಾವಳಿ ಹಾಕುತ್ತೇನೆ ಎಂದಳು. ಗುರಿ ಏನು ಎಂದು ಕೇಳಿದೆ.

“ಅವ್ರು ಬೋಟಿಗೆ ಹೋಗೂದು ಬ್ಯಾಡ. ಅಷ್ಟೇ.”

ಅವ್ರು ಎಂದರೆ ಅವಳ ಗಂಡ. ಗೋವಾದ ಟ್ರಾಲರುಗಳಲ್ಲಿ ಖಲಾಸಿ. ಮಳೆಗಾಲದಲ್ಲಿ ಬೋಟುಗಳಿಗೆ ರಜೆ, ಆಗ ಮನೆಯಲ್ಲಿರುತ್ತಿದ್ದ. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಹೋದರೆ ಮತ್ತೆ ಮುಂದಿನ ಮಳೆಗೇ ಬರುವುದು. ಅವನ ತಮ್ಮನೂ ಅದೇ ಬೋಟಿನಲ್ಲಿದ್ದ. ಬಲೆ ಎಳೆಯುವಾಗ ನೀರಿಗೆ ಬಿದ್ದವನು ಸಿಗಲೇ ಇಲ್ಲ. ಖಾನಾವಳಿ ಒಂದು ಮಳೆಗಾಲ ದಾಟಿ ಹುಣ್ಣಿಮೆಯವರೆಗೆ ನಡೆದರೆ ಗಂಡ ಬೋಟು ಬಿಟ್ಟು ಇಲ್ಲೇ ಇರುವುದು, ನಡೆಯದಿದ್ದರೆ ಹೋಗುವುದು. ಗಂಡ ಹೆಂಡತಿ ಹೀಗೆ ಮಾತು ಮಾಡಿಕೊಂಡಿದ್ದರು. ಇದನ್ನು ಆಕೆ ಎಲ್ಲರೆದುರು ಹೇಳಿದಳು, ಅಳಲಿಲ್ಲ. ಮುಖ್ಯಸ್ಥರು ಮೆಲ್ಲಗೆ, “ಗುರಿ ಅನ್ನೋದು ಅಳೆಯೋ ಹಾಗಿರಬೇಕಮ್ಮಾ,” ಎಂದರು. “ಅಳೀರಿ ಸರಾ. ಹುಣ್ಣಿಮೆ ದಿನ ಬಂದು ನೋಡಿ. ಮನೇಲಿ ಇದ್ರೆ ಇದ್ರು, ಇಲ್ದಿದ್ರೆ ಇಲ್ಲ,” ಎಂದು ಆಕೆ ಕೂತುಬಿಟ್ಟಳು.

ದೀಪಾವಳಿಯ ನಂತರ ಖಾನಾವಳಿ ಎದ್ದಿತು. ಅವರ ಕೇರಿಯವರಿಗೆ ಮನೆ ಸಿಕ್ಕಿದ್ದು ಹೆದ್ದಾರಿಯಿಂದ ಒಳಗೆ, ಗುಡ್ಡದ ಬುಡದಲ್ಲಿ. ಖಾನಾವಳಿಯ ಹಿತ್ತಿಲಿನಲ್ಲಿ ನಿಂತು ಕೂಗಿದರೆ ಕೇಳುವಷ್ಟು ಹತ್ತಿರ. ಕಂಬ ನೆಟ್ಟವರು, ತಗಡು ಹೊತ್ತವರು, ನೆಲ ಬಡಿದವರು ಎಲ್ಲರೂ ಕೇರಿಯವರೇ. ಗಾಳಿಗೆ ತಗಡು ಹಾರಬಾರದೆಂದು ಮಾಡಿನ ಮೇಲಿಂದ ಒಂದು ದಪ್ಪ ಹಗ್ಗ ಬಿಗಿದಿದ್ದರು. ಅದು ಅವರ ಹಳೆಯ ರಂಪಣಿ ಬಲೆಯ ಹಗ್ಗ. ರಂಪಣಿ ಎಂದರೆ ದಂಡೆಯಲ್ಲಿ ನಿಂತು ಇಡೀ ಊರು ಎಳೆಯುವ ದೊಡ್ಡ ಬಲೆ. ಟ್ರಾಲರುಗಳು ಬಂದ ಮೇಲೆ ಅದು ಎಲ್ಲ ಕಡೆ ನಿಂತುಹೋಗಿತ್ತು. ಇವರು ಮಾತ್ರ ದಂಡೆ ಬಿಡುವವರೆಗೂ ಒಂದು ಸಣ್ಣ ಬಲೆಯನ್ನು ಇಟ್ಟುಕೊಂಡಿದ್ದರು. ಎಳೆಯಲು ಇನ್ನು ದಂಡೆಯೇ ಇಲ್ಲದ್ದರಿಂದ ಹಗ್ಗ ಮಾಡಿಗೆ ಬಂದಿತ್ತು.

ಬಲೆಯ ಯಜಮಾನನಾಗಿದ್ದ ಮುದುಕನನ್ನು ಎಲ್ಲರೂ ತಾಂಡೇಲ ಎನ್ನುತ್ತಿದ್ದರು. ಆಕೆಗೆ ದೂರದಿಂದ ಮಾವನಾಗಬೇಕು. ನಾನು ತರಬೇತಿಯ ನಂತರದ ಭೇಟಿ ಎಂಬ ನೆಪದಲ್ಲಿ ಅಂಕೋಲೆ ಬಸ್ಸಿನಿಂದ ಬಿಣಗಾದಲ್ಲಿ ಇಳಿದ ದಿನ ಆತ ಹಿಂದಿನ ಜಗಲಿಯಲ್ಲಿ ಕೂತು ಉಣ್ಣುತ್ತಿದ್ದ. ಅವನ ಜೊತೆಗೆ ಒಂದು ಸಾಲು ಜನ. ಮೀನು ಹಸನು ಮಾಡಿದ ಹೆಂಗಸರು, ಬಾವಿಯಿಂದ ನೀರು ತಂದವರು, ಕಟ್ಟಿಗೆ ಹೊತ್ತು ತಂದವನು, ಕಾಳಿ ನದಿಯ ಬಾಯಿಯಲ್ಲಿ ಹಿಡಿದ ಮೀನಿನ ಬುಟ್ಟಿಯನ್ನು ದೇವಬಾಗದಿಂದ ತಂದು ಇಳಿಸಿದವನು. ಮುಂದಿನ ಬಾಗಿಲಲ್ಲಿ ಲಾರಿಯವರಿಬ್ಬರು ಕಾಯುತ್ತಿದ್ದರು. ಕಾದು ಸಾಕಾಗಿ ಎದ್ದು ಹೋದರು.

“ಅಕ್ಕಾ, ಗಿರಾಕಿ ಹೋದರಲ್ಲ,” ಎಂದೆ.

“ಹೋಗ್ಲಿ. ಇವ್ರದ್ದು ಆಗ್ಲಿ ಮೊದ್ಲು.”

“ಇವರು ಗಿರಾಕಿಗಳಲ್ಲವಾ?”

ತಾಂಡೇಲ ತಲೆ ಎತ್ತಿದ. “ನಾವು ಗಿರಾಕಿ ಅಲ್ಲ ತಮಾ, ಪಾಲುದಾರ್ರು. ಮೀನು ಕಂಡ ಕೂಡ್ಲೆ ನಾ ಕೂಗು ಹಾಕ್ತಿದ್ದೆ. ಕೂಗು ಕೇಳಿ ಓಡಿ ಬಂದು ಹಗ್ಗ ಹಿಡ್ದವ್ರಿಗೆಲ್ಲ ಪಾಲು. ಬಸುರಿ ಬಂದು ಸುಮ್ನೆ ಹಗ್ಗ ಮುಟ್ಟಿದ್ರೂ ಎರಡು ಪಾಲು, ಗೊತ್ತದೆಯಾ? ರಸ್ತೆ ಮೇಲೆ ಹೋಗೂ ಪೋಲೀಸ ಹಿಡ್ದ್ರೆ ಅಂವ್ಗೂ ಪಾಲು.”

“ಅಂವ ಹಗ್ಗ ಹಿಡೀದೇನೂ ತಕಂಡು ಹೋಗ್ತಿದ್ದ,” ಎಂದು ಪಕ್ಕದ ಹೆಂಗಸು ಹೇಳಿದಳು. ಮತ್ತೆ ನಗೆ.

ಮಧ್ಯಾಹ್ನ ಅನ್ನ ಇಳಿದ ಮೇಲೆ ಆಕೆ ಹಿತ್ತಿಲಿಗೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ತಾಂಡೇಲ ದಂಡೆಯಲ್ಲಿ ಹಾಕುತ್ತಿದ್ದ ಅದೇ ಉದ್ದನೆಯ ಕೂಗು ಹಾಕುತ್ತಿದ್ದಳು. ಗುಡ್ಡದ ಬುಡದಿಂದ ಜನ ಇಳಿದು ಬರುತ್ತಿದ್ದರು. ಕೂಗಿದ್ದನ್ನು ನಾನು ಕೇಳಿದ್ದೇನೆ. ಅದು ಹೇಗಿತ್ತೆಂದು ತರಗತಿಯಲ್ಲಿ ಎಂದೂ ಕೂಗಿ ತೋರಿಸಲು ಹೋಗಿಲ್ಲ.

ಗಿರಾಕಿ ಬೇರೆ, ಬಂಧುಬಳಗ ಬೇರೆ ಎನ್ನುವುದು ನಮ್ಮ ಕೈಪಿಡಿಯ ಮುಖ್ಯ ಪಾಠಗಳಲ್ಲೊಂದು. ಅದನ್ನು ಆಕೆಗೆ ಬಿಡಿಸಿ ಹೇಳಿದ್ದು ನಾನು ಎಂದೇ ನನ್ನ ನೆನಪು. ಅಥವಾ ಮುಖ್ಯಸ್ಥರು ಒಮ್ಮೆ ಜೀಪಿನಲ್ಲಿ ಬಂದಾಗ ಹೇಳಿದ್ದರೋ. ಹೇಗೂ ಬೇಸಿಗೆಯ ಹೊತ್ತಿಗೆ ಖಾನಾವಳಿ ಬದಲಾಗಿತ್ತು. ಒಳಗೆ ಬೆಂಚು, ಟೇಬಲ್ಲು ಬಂದಿದ್ದವು. ಮೀನು ಹಸನು ಮಾಡಲು, ಪಾತ್ರೆ ತೊಳೆಯಲು ಸಂಬಳದ ಹುಡುಗಿಯೊಬ್ಬಳು ಬರುತ್ತಿದ್ದಳು. ಮೀನನ್ನು ಕಾರವಾರದ ಮಾರ್ಕೆಟಿನಿಂದಲೇ ತರುತ್ತಿದ್ದರು. ಹಿಂದಿನ ಜಗಲಿಯಲ್ಲಿ ಗ್ಯಾಸಿನ ಸಿಲಿಂಡರು ಕೂತಿತ್ತು, ಕಟ್ಟಿಗೆಯ ಒಲೆ ಹೆಸರಿಗೆ ಮಾತ್ರ ಉಳಿದಿತ್ತು. ಮಧ್ಯಾಹ್ನದ ಕೂಗು ನಿಂತಿತ್ತು. ಜಗಳ ಆಗಿರಲಿಲ್ಲ. ಯಾರೂ ಯಾರಿಗೂ ಬರಬೇಡ ಎಂದಿರಲಿಲ್ಲ. ಆಕೆ ಕೂಗಲಿಲ್ಲ, ಅವರು ಬರಲಿಲ್ಲ.

ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತು ಒಂದು ವಿಷಯವನ್ನು ಬಹಳ ಯೋಚಿಸಿದ್ದು ನೆನಪಿದೆ. ನಾನು ಕಲಿತ ಶಾಸ್ತ್ರದ ಪ್ರಕಾರ ಹಿಂದಿನ ಜಗಲಿಯ ಊಟ ಲೆಕ್ಕಕ್ಕೇ ಇಲ್ಲ. ಹೆಂಗಸರು ಮೀನು ಹಸನು ಮಾಡಿಕೊಟ್ಟು ಒಂದು ತಟ್ಟೆ ಅನ್ನ ಉಂಡರೆ ದೇಶದ ಆದಾಯದಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಅದೇ ಕೆಲಸಕ್ಕೆ ಹುಡುಗಿಯೊಬ್ಬಳು ಸಂಬಳ ತೆಗೆದುಕೊಂಡರೆ ಕಾಣುತ್ತದೆ. ದೇವಬಾಗದ ಬುಟ್ಟಿ ಕಾಣುವುದಿಲ್ಲ, ಮಾರ್ಕೆಟಿನ ಬುಟ್ಟಿ ಕಾಣುತ್ತದೆ. ಮೀನು ಅಷ್ಟೇ, ಉಣ್ಣುವ ಹೊಟ್ಟೆಗಳು ಸ್ವಲ್ಪ ಕಡಿಮೆಯೇ, ಆದರೂ ಲೆಕ್ಕದಲ್ಲಿ ಜಿಲ್ಲೆ ಬೆಳೆದಿತ್ತು. ಹಾಗೆಂದು ಹಳೆಯ ರೀತಿಯೇ ಸರಿ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಎದ್ದುಹೋದ ಲಾರಿಯವರನ್ನು ನಾನೇ ನೋಡಿದ್ದೆನಲ್ಲ. ಹಾಗೆಯೇ ನಡೆದಿದ್ದರೆ ಖಾನಾವಳಿ ಮಳೆಗಾಲವನ್ನೇ ಕಾಣುತ್ತಿರಲಿಲ್ಲವೇನೋ. ಎರಡೂ ಕಡೆಯಿಂದ ಯೋಚಿಸುತ್ತ ಕಿಟಕಿಯಿಂದ ಈ ಸೀಟಿಗೆ, ಈ ಸೀಟಿನಿಂದ ಬಾಗಿಲಿಗೆ ಜಾಗ ಬದಲಿಸುತ್ತ ಅಂಕೋಲೆ ತಲುಪುತ್ತಿದ್ದೆ. ಕಂಡಕ್ಟರ್ ಒಮ್ಮೆ, “ಒಂದ್ಕಡೆ ಕೂತ್ಕಳಿ ಮಾರಾಯ್ರೆ, ಟಿಕೀಟು ಒಂದೇ ತೆಗ್ದದ್ದು ನೀವು,” ಎಂದಿದ್ದ.

ಮಳೆ ಹಿಡಿಯಿತು. ಬೋಟುಗಳು ದಡ ಸೇರಿದವು, ಗಂಡ ಗೋವಾದಿಂದ ಬಂದ. ಮಾರ್ಕೆಟಿನಲ್ಲಿ ತಾಜಾ ಮೀನು ಸಿಗುವುದು ಕಷ್ಟವಾಯಿತು. ಖಾನಾವಳಿಯಲ್ಲಿ ಒಣಮೀನು, ಬೇಳೆ ಸಾರು. ಕಾರ್ಖಾನೆಯ ಕೆಲಸಗಾರರು ಬೇಳೆ ಸಾರಿಗೆ ಖಾನಾವಳಿಗೆ ಯಾಕೆ ಬರಬೇಕು? ಸಂಬಳದ ಹುಡುಗಿ ಬಿಟ್ಟುಹೋದಳು. ಗಂಡ ತಲೆಗೆ ಟವೆಲು ಸುತ್ತಿಕೊಂಡು ಮಸಾಲೆ ಅರೆಯುತ್ತಿದ್ದ. ಬಂದವರೊಬ್ಬರು ಅವನನ್ನು ನೋಡಿ, “ಏನ್ರಾ, ಬಲೆ ಬಿಟ್ಟು ಸೌಟು ಹಿಡ್ದ್ರಾ?” ಎಂದರು. ಅವನು, “ಹೌದ್ರಾ, ಇದ್ರಲ್ಲಿ ಬಿದ್ರೆ ಸಾಯೂದಿಲ್ಲ ಅಲ್ದಾ,” ಎಂದ. ಕೇಳಿದವರಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಆಕೆ ಒಳಗಿನಿಂದ ಪಾತ್ರೆ ಇಟ್ಟ ಸದ್ದು ಜೋರಾಗಿ ಬಂತು.

ಅಂಥ ಒಂದು ದಿನ ಬಿಣಗಾದ ಬಸ್‌ಸ್ಟಾಪಿನಲ್ಲಿ ತಾಂಡೇಲ ಸಿಕ್ಕಿದ. ಕೊಡೆ ಇದ್ದರೂ ಬಿಚ್ಚದೆ ನಿಂತಿದ್ದ.

“ಖಾನಾವಳಿ ಕಡೆ ಹೋಗೂದಿಲ್ವಾ ಅಜ್ಜಾ?” ಎಂದೆ. ಅವರ ಜೊತೆ ಮಾತಾಡುವಾಗ ನನಗೂ ಊರಿನ ಮಾತೇ ಬರುತ್ತಿತ್ತು.

“ಕೂಗು ಬರ್ಲಿಲ್ಲಲ್ಲ ತಮಾ.”

“ಕೂಗದಿದ್ರೆ ಎಂತಾಯ್ತು? ಅವ್ರಿಗೆ ಕೈ ಸಾಲೂದಿಲ್ಲ. ನಾಕು ಜನ ಹೋಗಿ ನಿಂತ್ರೆ ನದಿ ಮೀನಾದ್ರೂ ಬತ್ತಿತ್ತು.”

“ಕೂಗು ಬರ್ದೆ ಹೋದ್ರೆ ಪಾಲು ಕೇಳೂಕೆ ಬಂದಾಂಗೆ ಆಗ್ತದೆ. ಬಲೆ ಖಾಲಿ ಇದ್ದಾಗ ಯಾರಾದ್ರೂ ಪಾಲು ಕೇಳ್ತ್ರಾ? ಅವ್ಳಿಗೆ ಮೊದ್ಲೇ ಕಷ್ಟ. ನಾವು ಹೋಗಿ ಎದ್ರಿಗೆ ಕೂತ್ರೆ ಉಣ್ಣಿ ಅನ್ಬೇಕಾಗ್ತದೆ. ಪಾಪ.”

ಅವರು ಮುನಿಸಿಕೊಂಡಿದ್ದಾರೆ ಎಂದು ನಾನು ಅಲ್ಲಿಯವರೆಗೆ ಎಣಿಸಿದ್ದೆ. ಮುಖ್ಯಸ್ಥರು ಅದನ್ನೇ ಬೇರೆ ರೀತಿ ಹೇಳುತ್ತಿದ್ದರು, ಕೇರಿಯವರು ಶಿಸ್ತು ಕಲಿತರು ಎಂದು. ಎರಡೂ ನಿಜವಾಗಿರಲಿಲ್ಲ. ಆಕೆಯ ಕೈ ಬರಿದಾಗಿದೆ, ಈಗ ಹೋಗುವುದು ಮರ್ಯಾದೆಯಲ್ಲ ಎಂದು ಇಡೀ ಕೇರಿ ಗುಡ್ಡದ ಬುಡದಲ್ಲಿ ಸುಮ್ಮನೆ ಕೂತಿತ್ತು. ನಾನು ಬಸ್ಸು ಬಿಟ್ಟು ಖಾನಾವಳಿಗೆ ಹೋಗಿ ಇದನ್ನು ಆಕೆಗೆ ಹೇಳಿದೆ. ಹೇಳಿದೆ ಎಂದೇ ನನ್ನ ನಂಬಿಕೆ, ಯಾಕೆಂದರೆ ಆಕೆಯ ಉತ್ತರ ಚೆನ್ನಾಗಿ ನೆನಪಿದೆ.

“ನಾ ಎಂತಾ ಅಂತ ಕೂಗ್ಲಿ? ಕೂಗಿದ್ರೆ ಬಲೆ ತುಂಬದೆ ಅಂತ ಅರ್ಥ. ಬಂದವ್ರಿಗೆ ಒಣಮೀನಿನ ತುಂಡು ಇಟ್ಟು ಕಳ್ಸೂದಾ? ಖಾಲಿ ಬಲೆಗೆ ಜನಾ ಕರ್ದವ್ಳು ಅಂತ ಹೆಸ್ರು ಬರ್ತದೆ.”

“ಬಲೆ ಖಾಲಿ, ಕೈ ಹಚ್ಚಲು ಬನ್ನಿ ಎಂದು ಹೇಳಿ ಕಳಿಸಿ.”

“ಹಾಂಗೆಲ್ಲ ಕರೂದು ಇಲ್ಲ ಮಾಸ್ತರೇ. ಕೂಗು ಒಂದೇ ಇರೂದು.”

ಗಂಡ ಒಲೆಯ ಮುಂದೆ ಕೂತು ಎಲ್ಲ ಕೇಳುತ್ತಿದ್ದ. ಬೆಂಕಿ ಸರಿಮಾಡಿದ. ನಾನು ಇನ್ನೊಮ್ಮೆ ಗುಡ್ಡದ ಕಡೆ ಹೋಗಿ ತಾಂಡೇಲನನ್ನು ಕಾಣಬಹುದಿತ್ತು. ಹೋದೆನೋ ಇಲ್ಲವೋ ನೆನಪಿಲ್ಲ. ಹೋಗಿದ್ದರೂ ಆತ ಬರುತ್ತಿರಲಿಲ್ಲ ಎನ್ನಿಸುತ್ತದೆ.

ನೂಲ ಹುಣ್ಣಿಮೆ ಬಂದು ಹೋಯಿತು. ಖಾನಾವಳಿ ಮುಚ್ಚಿರಲಿಲ್ಲ. ಬಾಗಿಲು ತೆರೆದೇ ಇತ್ತು, ಒಲೆ ಹೊತ್ತುತ್ತಿತ್ತು, ಆದರೆ ಅದನ್ನು ನಡೆಯುವುದು ಎನ್ನುವಂತಿರಲಿಲ್ಲ. ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಕಾರವಾರಕ್ಕೆ ಹೋಗುವ ಬಸ್ಸಿಗೆ ಬಿಣಗಾದಲ್ಲಿ ಅವಳ ಗಂಡ ಹತ್ತಿದ. ಕೈಯಲ್ಲಿ ಚೀಲ, ಜಿಪ್ಪು ಹರಿದು ಹಗ್ಗದಿಂದ ಕಟ್ಟಿದ್ದು. ನನ್ನ ಪಕ್ಕದ ಸೀಟು ಖಾಲಿ ಇತ್ತು, ಕೂತ.

“ಹೊರಟ್ರಾ?”

“ಹ್ಞೂಂ. ಕಾರವಾರದಲ್ಲಿ ಮಡಗಾಂವ ಬಸ್ಸು ಹಿಡೀಬೇಕು.”

“ಅಕ್ಕ ಎಂತಾ ಅಂದ್ರು?”

“ಅವ್ಳು ಎಂತಾ ಅಂತಾಳೆ? ನಾ ಹೋದ್ರೆ ಖಾನಾವಳಿ ನಡೀತದೆ. ಅಕ್ಕಿ, ಗ್ಯಾಸು ನಾ ಕಳ್ಸೂದ್ರಲ್ಲಿ ಆಗ್ತದೆ. ಇಲ್ಲೇ ಕೂತ್ರೆ ಅದೂ ಮುಚ್ತದೆ, ನಾವೂ ಮುಚ್ತೇವೆ.”

ಘಟ್ಟದ ತಿರುವಿನಲ್ಲಿ ಸಮುದ್ರ ಕಂಡಾಗ ಎಲ್ಲರಂತೆ ಅವನೂ ಆ ಕಡೆ ನೋಡಿದ. ಬೋಟುಗಳು ಹೊರಟಿದ್ದವು. ನಿಲ್ದಾಣದಲ್ಲಿ ಇಳಿಯುವಾಗ ಚೀಲ ಹಿಡಿದುಕೊಳ್ಳಲೇ ಎಂದು ಕೇಳಿದೆ. “ಬ್ಯಾಡ, ಹಗೂರ ಅದೆ,” ಎಂದ. ನನಗೆ ಏನಾದರೂ ಅನ್ನಿಸಬೇಕಿತ್ತು. ಹೋಟೆಲಿಗೆ ಹೋಗಿ ಚಹಾ ಕುಡಿದೆ, ಅರ್ಧ ಬಿಟ್ಟು ಎದ್ದೆ, ಕೇಂದ್ರಕ್ಕೆ ಹೋಗಿ ಗೋಲ ಬರೆದೆ.

ಆ ಹೊತ್ತಿಗೆ ಆಕೆಯ ಕಥೆ ನಮ್ಮ ಕೇಂದ್ರದ ಯಶೋಗಾಥೆಯಾಗಿತ್ತು. ಆರಂಭಿಸಿದ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿದ್ದಾಗ ಬಾಗಿಲು ತೆರೆದೇ ಇದ್ದದ್ದು ಅದೊಂದು. ಮುಖ್ಯಸ್ಥರಿಗೆ ಅದರ ಮೇಲೆ ಅಭಿಮಾನ, ಸುಳ್ಳೇನೂ ಅಲ್ಲ. ಅಂಕೋಲೆಯಲ್ಲಿ ಹೊಸ ತಂಡಕ್ಕೆ ಪಾಠ ಶುರುವಾದಾಗ ನಾನು ಅದನ್ನೇ ಹೇಳಿದೆ. ಬಳೆ, ಗೂಟ, ಹಸಿರು ಗೋಡೆ, ಹಗ್ಗ, ಬೆಂಚು, ಎಲ್ಲವೂ ಸರಿಯಾದ ಜಾಗದಲ್ಲಿ ಕೂರುತ್ತಿದ್ದವು. ಮುಂದಿನ ಬೆಂಚಿನ ರೈತನೊಬ್ಬ, ಕೈಯಲ್ಲಿ ಕೆಸರು ಒಣಗಿದ್ದವನು, ಕೇಳಿದ:

“ಹಾಂಗಾರೆ ಆ ಗಂಡ ಈಗ ಎಲ್ಲಿದ್ದಾನ್ರಾ?”

“ಗೋವಾದಲ್ಲಿ, ಬೋಟಿನ ಮೇಲೆ.”

“ಅವ್ಳು ಖಾನಾವಳಿ ಹಾಕಿದ್ದು ಅಂವ ಹೋಗೂದು ಬ್ಯಾಡ ಅಂತ ಅಲ್ದಾ?”

“ಹೌದು.”

“ಖಾನಾವಳಿ?”

“ನಡೀತಾ ಇದೆ.”

ಅವನು ಪಕ್ಕದವನ ಕಡೆ ತಿರುಗಿದ. “ಹಾಂಗಾರೆ ಆ ಹೆಂಗ್ಸು ಪಾಸಾದ್ಳಾ ನಪಾಸಾ?”

“ಮಾಸ್ತರು ಪಾಸು, ಅವ್ಳು ನಪಾಸು,” ಎಂದ ಪಕ್ಕದವನು. ನಗೆಯೆದ್ದಿತು, ನಾನೂ ನಕ್ಕೆ. ಬೋರ್ಡಿನ ಕಡೆ ತಿರುಗಿ ಗೋಲವನ್ನು ಒರೆಸಿದೆ. ಮರುದಿನ ಮತ್ತೆ ಬರೆದೆ, ಏಕೆಂದರೆ ಪಾಠ ಅಲ್ಲಿಂದಲೇ ಮುಂದುವರಿಯಬೇಕಿತ್ತು. ಆ ರೈತನ ಪ್ರಶ್ನೆಗೆ ನಾನು ಓದಿದ ಯಾವ ಪುಸ್ತಕದಲ್ಲೂ ಜಾಗವಿರಲಿಲ್ಲ. ಉದ್ಯಮ ನಿಂತಿತೋ ಉಳಿಯಿತೋ ಎಂದು ನೋಡುತ್ತಾರೆ. ಅದು ಯಾತಕ್ಕಾಗಿ ಹುಟ್ಟಿತ್ತೋ ಅದು ಆಯಿತೋ ಎಂದು ನೋಡುವ ಕ್ರಮವಿಲ್ಲ.

ಮುಂದಿನ ವರ್ಷ ಮಳೆ ಶುರುವಾಗುವ ಹೊತ್ತಿಗೆ ನನ್ನ ಗುತ್ತಿಗೆ ಮುಗಿದಿತ್ತು. ಮುಂದುವರಿಸುತ್ತೇವೆ ಎಂದರು, ಬೇಡ ಎಂದೆ. ಯಾಕೆ ಬೇಡ ಎಂದೆನೋ ಈಗ ಹೊಳೆಯುತ್ತಿಲ್ಲ. ಮುಂದೆ ಬೇರೆ ಬೇರೆ ಕಡೆ ಅದೇ ಕೆಲಸವನ್ನೇ ಮಾಡಿದೆನಲ್ಲ. ಕೇಂದ್ರದಲ್ಲಿದ್ದ ನನ್ನ ಸಾಮಾನು ತೆಗೆದುಕೊಂಡು ಅಂಕೋಲೆಗೆ ಹೊರಟವನು ಬಿಣಗಾದಲ್ಲಿ ಇಳಿದೆ.

ಖಾನಾವಳಿಯ ಹಿಂದೆ ಗದ್ದಲವಿತ್ತು. ಗಂಡ ಆ ಬೆಳಿಗ್ಗೆ ತಾನೇ ಗೋವಾದಿಂದ ಬಂದಿದ್ದ. ಕೊನೆಯ ಖೇಪಿನ ಮೀನಿನಲ್ಲಿ ಬೋಟಿನವರು ಕೊಟ್ಟ ಒಂದು ದೊಡ್ಡ ಪೆಟ್ಟಿಗೆಯನ್ನು ಮಂಜುಗಡ್ಡೆಯ ಸಮೇತ ತಂದಿದ್ದ. ಆಕೆ ಹಿತ್ತಿಲಿಗೆ ಹೋಗಿ ಕೂಗು ಹಾಕಿದ್ದಳು. ಒಂದು ವರ್ಷದ ನಂತರದ ಕೂಗು. ಸಿಲಿಂಡರನ್ನು ಮೂಲೆಗೆ ತಳ್ಳಿ ಕೇರಿಯ ಹೆಂಗಸರು ಸಾಲಾಗಿ ಕೂತು ಮೀನು ಹಸನು ಮಾಡುತ್ತಿದ್ದರು. ತಾಂಡೇಲ ಯಾವ ಮೀನು ಯಾವ ಪಾತ್ರೆಗೆ ಎಂದು ಹುಕುಂ ಕೊಡುತ್ತಿದ್ದ, ಯಾರೂ ಕೇಳುತ್ತಿರಲಿಲ್ಲ.

ನಾನು ಒಳಗಿನ ಬೆಂಚಿನ ಮೇಲೆ ಕೂತೆ. ಆಕೆ ಬಂದು ನೋಡಿ, “ಅಲ್ಲೆ ಎಂತಕೆ ಕೂತ್ರಿ? ಅದು ಗಿರಾಕಿ ಜಾಗ. ಹಿಂದೆ ಬನ್ನಿ,” ಎಂದಳು.

“ನಾನು ಗಿರಾಕಿಯೇ.”

“ಅಲ್ಲ. ಮಾಡು ಬಿಗೀವಾಗ ನೀವೂ ಹಗ್ಗ ಹಿಡ್ದಿದ್ರಿ ಅಲ್ದಾ? ಗಾಳಿ ಬಂದು ತಗಡು ಎದ್ದಿತ್ತು, ನೀವು ರಸ್ತೆಯಿಂದ ಓಡಿ ಬಂದು ಹಿಡ್ದ್ರಿ. ಕೈ ಕೆತ್ತಿ ಹೋಗಿತ್ತು.”

ನನಗೆ ಅಂಥದ್ದೇನೂ ನೆನಪಿಲ್ಲ. ಅಂಗೈ ತಿರುಗಿಸಿ ನೋಡಿಕೊಂಡೆ. ಏನೂ ಇರಲಿಲ್ಲ, ಇರಬೇಕೆಂದೂ ಇಲ್ಲ. ಖಾನಾವಳಿ ಏಳುವಾಗ ನಾನು ಅಲ್ಲಿರಲಿಲ್ಲ, ಎದ್ದ ಮೇಲೆ ಬಂದೆ ಎಂದೇ ಅಷ್ಟು ದಿನ ಪಾಠದಲ್ಲಿ ಹೇಳುತ್ತಿದ್ದೆ. ಹಿಂದೆ ಹೋಗಿ ಸಾಲಿನಲ್ಲಿ ಕೂತೆ. ಕೂತಲ್ಲಿಂದಲೇ ಕೇಳಿದೆ:

“ಗಿರಾಕಿ ಬೇರೆ, ಕೇರಿಯವರು ಬೇರೆ ಎಂದು ಮಾಡಿದಿರಲ್ಲ. ಅದನ್ನು ನಾನು ಹೇಳಿದ್ದಾ, ನಮ್ಮ ಸಾಹೇಬರು ಹೇಳಿದ್ದಾ?”

ಆಕೆ ಬಡಿಸುತ್ತಿದ್ದವಳು ನಿಂತಳು. “ನೀವ್ಯಾರೂ ಹೇಳ್ಲಿಲ್ಲ. ನಂಗೇ ಅನ್ಸ್ತು. ಹುಣ್ಣಿಮೆ ಹತ್ರ ಬರ್ತಿತ್ತು ಅಲ್ದಾ, ಹೆದ್ರಿಕೆ ಆಯ್ತು.”

“ಹಾಗಾದರೆ ನಾನು ಏನು ಹೇಳಿದ್ದೆ?”

“ಯಾರಿಗೆ ನೆನಪದೆ ಮಾಸ್ತರೇ? ಎಂತೋ ದೊಡ್ಡ ಗೋಲ ಬರೀತಿದ್ರಿ. ಚೆಂದ ಬರೀತಿದ್ರಿ.”

ತಾಂಡೇಲ ನಕ್ಕ, ಅವಳ ಗಂಡನೂ ನಕ್ಕ. ಅವನು ಕಪ್ಪಾಗಿದ್ದ, ಕೆನ್ನೆ ಒಳಗೆ ಹೋಗಿತ್ತು, ಬೆರಳುಗಳೆಲ್ಲ ಸರಿಯಾಗಿದ್ದವು. ಬೋಟಿನ ಹಗ್ಗಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಖಲಾಸಿಗಳನ್ನು ಕಂಡಿದ್ದರಿಂದ ನಾನು ಮೊದಲು ಬೆರಳುಗಳನ್ನೇ ನೋಡಿದೆ. ಅವನ ಚೀಲ ಜಗಲಿಯ ಗೂಟಕ್ಕೆ ತೂಗುತ್ತಿತ್ತು, ಹಗ್ಗದಿಂದ ಕಟ್ಟಿದ್ದ ಅದೇ ಚೀಲ. ಕೊಳೆ ಬಟ್ಟೆಗಳನ್ನು ಮಾತ್ರ ತೆಗೆದು ತೊಳೆದು ಹಿತ್ತಿಲಿನ ತಂತಿಗೆ ಹಾಕಿದ್ದಳು. ಹೊದಿಕೆ, ರೈನ್‌ಕೋಟು, ಬೋಟಿನ ಮೇಲೆ ಬಳಸುವ ತಟ್ಟೆ ಲೋಟ ಚೀಲದಲ್ಲೇ ಇದ್ದವು, ಮೇಲಿನಿಂದ ಕಾಣುತ್ತಿತ್ತು.

“ಚೀಲ ಬಿಚ್ಚಿ ಇಡೂಕಾಗೂದಿಲ್ವೇನೇ?” ಎಂದು ಒಬ್ಬ ಹೆಂಗಸು ಆಕೆಯನ್ನು ಗದರಿಸಿದಳು. “ಮನೆಗೆ ಬಂದವ್ರ ಚೀಲ ಹಾಂಗೆ ತೂಗ್ಸೂದಾ?”

“ಬಿಚ್ಚಿ ಎಂತಾ ಮಾಡೂದು? ನೂಲ ಹುಣ್ಣಿಮೆಗೆ ಮತ್ತೆ ತುಂಬೂದೇ ಅಲ್ದಾ,” ಎಂದಳು ಆಕೆ. ದನಿಯಲ್ಲಿ ಏನೂ ಇರಲಿಲ್ಲ, ಅನ್ನ ಬೇಕಾ ಎಂದು ಕೇಳಿದ ಹಾಗಿತ್ತು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವನ ತಟ್ಟೆಗೆ ಇನ್ನೊಂದು ಮೀನು ಹಾಕಿದಳು. ನಂತರ ನನಗೊಂದು, ತಾಂಡೇಲನಿಗೊಂದು. ಬಂಗಡೆ ಇರಬೇಕು. ತರಗತಿಯಲ್ಲಿ ಬಂಗಡೆ ಎಂದೇ ಹೇಳುತ್ತೇನೆ.